ಗಾಳಿ ಮಾಡುವವನ ಅಕ್ಕ

ವೊರೊನೆಝ್
೧೪ ಸೆಪ್ಟೆಂಬರ್ ೧೯೬೯

ಪ್ರೀತಿಯ ಸೇನ್ಯಾ,

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಮಾಸ್ಕೋ ರೈಲಿನ ಬೋಗಿಯಲ್ಲಿ ಚಹಾ ಕೊಡುವ ಲೂಸ್ಯಾಳ ಕೈಗೆ ಕೊಡುತ್ತಿದ್ದೇನೆ, ಜೊತೆಗೆ ಒಂದು ಜಾಡಿ ಚೆರ್ರಿ ಜಾಮ್. ಯಾಕೆ ಹೀಗೆ ಎಂದು ಓದಿದರೆ ನಿನಗೇ ಗೊತ್ತಾಗುತ್ತದೆ.

ಗುರುವಾರ ನಾನು ಟ್ರಾಮನ್ನು ಡಿಪೊದಲ್ಲಿ ಬಿಟ್ಟು ಮನೆಗೆ ಬಂದರೆ ಅಡುಗೆಮನೆಯಲ್ಲಿ ಇಬ್ಬರು ಕೂತಿದ್ದರು. ಪಕ್ಕದ ಕೋಣೆಯ ಫ್ರೋಸ್ಯಾ ಚಿಕ್ಕಮ್ಮ ಆಗಲೇ ಅವರಿಗೆ ಚಹಾ ಕೊಟ್ಟು ನಮ್ಮ ವಂಶಾವಳಿಯನ್ನೆಲ್ಲ ಒಪ್ಪಿಸಿ ಮುಗಿಸಿದ್ದಳು. ಒಬ್ಬಾಕೆ ಡಾಕ್ಟರು, ಲೀದಿಯಾ ಓಸಿಪೊವ್ನಾ ಅಂತೆ, ಕತ್ತರಿಸಿದ ಬಿಳಿ ಕೂದಲು. ಇನ್ನೊಬ್ಬ ಹೆಸರು ಹೇಳಲಿಲ್ಲ. ನಾವು ಮಾತಾಡುತ್ತಿದ್ದಷ್ಟು ಹೊತ್ತೂ ಜಾಮ್ ತಿನ್ನುತ್ತಿದ್ದ.

"ನಿಮ್ಮ ತಮ್ಮನಿಗೆ ಚಿಕ್ಕಂದಿನಲ್ಲಿ ಮೂರ್ಛೆ ಗೀರ್ಛೆ ಬರ್ತಿತ್ತಾ?" ಎಂದು ಆಕೆ ಕೇಳಿದರು.

"ಇಲ್ಲ."

"ನಿದ್ದೇಲಿ ಎದ್ದು ನಡೆಯೋದು?"

"ಇಲ್ಲ."

"ಯಾವುದಕ್ಕಾದ್ರೂ ಹೆದರ್ತಿದ್ರಾ? ಕತ್ತಲೆ, ಎತ್ತರ, ಮುಚ್ಚಿದ ಜಾಗ, ಇಂಥದ್ದು?"

ಫ್ರೋಸ್ಯಾ ಚಿಕ್ಕಮ್ಮನ ಸೌಟು ಪಾತ್ರೆಯಲ್ಲೇ ನಿಂತಿತು. ನಾನು ಅವಳ ಕಡೆ ನೋಡಲಿಲ್ಲ.

"ಅಯ್ಯೋ, ಅವನಾ? ಬೆಕ್ಕಿನ ಥರ ಎಲ್ಲಿ ಬೇಕಾದ್ರೂ ನುಗ್ಗೋನು" ಅಂದೆ. ಬರೆದುಕೊಂಡರು. ಕೆಳಗೆ ಸಹಿ ಹಾಕಿ ಅಂದರು, ಹಾಕಿದೆ.

ಅವರು ಮೆಟ್ಟಿಲು ಇಳಿದದ್ದೇ ತಡ, ಚಿಕ್ಕಮ್ಮ ಶುರುಮಾಡಿದಳು. "ಏನೇ ಕ್ಲಾವಾ, ಜನವರಿ ಚಳೀಲಿ ಕಿಟಕಿ ತೆಗೆದಿಟ್ಟು ಮನೆ ಮಂದೀನೆಲ್ಲ ನಡುಗಿಸ್ತಿದ್ದೋನು ಯಾರ ತಮ್ಮ? ನಂದಾ?"

"ನೀನು ಸುಮ್ನಿರು ಚಿಕ್ಕಮ್ಮ. ಕೈ ಮುಗೀತೀನಿ."

ಆ ವಿಷಯವನ್ನು ನಾವಿಬ್ಬರೂ ಎಂದೂ ಬಾಯಿಬಿಟ್ಟು ಆಡಿಲ್ಲ. ನಿನಗೆ ಎಷ್ಟು ನೆನಪಿದೆಯೋ ತಿಳಿಯದು. ನಲವತ್ತೆರಡರ ಬೇಸಿಗೆಯಲ್ಲಿ ನಾನು ಹದಿನಾರರವಳು, ನದಿ ದಂಡೆಯಲ್ಲಿ ಕಂದಕ ತೋಡಲು ಹೋಗಿದ್ದೆ. ಬಾಂಬು ಬಿದ್ದ ಮೇಲೆ ಓಡಿ ಬಂದರೆ ಮನೆ ಇದ್ದ ಜಾಗದಲ್ಲಿ ಮನೆ ಇರಲಿಲ್ಲ. ನೆಲಮಾಳಿಗೆಯ ಬಾಯಿ ಹುಡುಕಿ ಇಟ್ಟಿಗೆ ತೆಗೆಯುವಷ್ಟರಲ್ಲಿ ಮರುದಿನವಾಗಿತ್ತು. ಒಳಗೆ ನೀನು ಅಳುತ್ತಿರಲಿಲ್ಲ. "ಮೆಲ್ಲಗೆ ಅಕ್ಕ, ಅಮ್ಮ ಮಲಗಿದ್ದಾಳೆ" ಅಂದೆ. ಆರು ವರ್ಷದವನು. ಅವಳ ತೋಳು ನಿನ್ನ ಮೇಲಿತ್ತು, ಅದನ್ನು ಬಿಡಿಸಲು ಆಗಲಿಲ್ಲ ನನಗೆ. ಪಕ್ಕದ ಬೀದಿಯ ಗಂಡಸರು ಬಂದು ಬಿಡಿಸಿದರು.

ಆ ಮೇಲೆ ಎಷ್ಟು ವರ್ಷ ನೀನು ಬಾಗಿಲು ಮುಚ್ಚಲು ಬಿಡಲಿಲ್ಲ! ನಾನು ಯಾಕೆ ಸುಳ್ಳು ಹೇಳಿದೆನೋ ನನಗೇ ಗೊತ್ತಿಲ್ಲ. ಕೇಳುವವರ ಮುಖ ನೋಡಿದರೆ ಏನೋ ದೊಡ್ಡ ಕೆಲಸ ಎನಿಸಿತು, ನಿನಗೆ ತಪ್ಪಿಹೋಗಬಾರದು ಎನಿಸಿತು. ಮುಚ್ಚಿದ ಜಾಗಕ್ಕೆ ಹೆದರುತ್ತಾನೆಯೇ ಎಂದು ಕೇಳಿ ಕಳಿಸುವ ಊರು ಯಾವುದು? ನಿನ್ನನ್ನು ಎಲ್ಲಿಗೆ ಕಳಿಸುತ್ತಿದ್ದಾರೆ, ಸೇನ್ಯಾ?

ನಿನ್ನ ಅಕ್ಕ,
ಕ್ಲಾವಾ


ಮಾಸ್ಕೋ ಹತ್ತಿರ
೨ ಅಕ್ಟೋಬರ್ ೧೯೬೯

ಪ್ರೀತಿಯ ಕ್ಲಾವಕ್ಕ,

ಜಾಮ್ ತಲುಪಿತು. ಅರ್ಧ ಜಾಡಿಯನ್ನು ಜೊತೆಯವರೇ ತಿಂದರು.

ಹಾಗೆ ಹೇಳು ಎಂದು ನಾನು ನಿನ್ನನ್ನು ಕೇಳಿರಲಿಲ್ಲ. ಆದರೆ ನೀನು ನಿಜ ಹೇಳಿದ್ದರೆ ನಾನು ಇವತ್ತು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಆದ್ದರಿಂದ ಬೈಯಲೂ ಆರೆ, ಹೊಗಳಲೂ ಆರೆ.

ಇದನ್ನೂ ಲೂಸ್ಯಾ ತರುತ್ತಿದ್ದಾಳೆ, ಹಾಗಾಗಿ ಬಿಚ್ಚಿ ಬರೆಯುತ್ತೇನೆ. ಓದಿ ಒಲೆಗೆ ಹಾಕು. ಟ್ರಾಕ್ಟರಿನ ಫಿಲ್ಟರು ಮಾಡುತ್ತೇನೆ ಎಂದು ನಿನಗೆ ಇಷ್ಟು ವರ್ಷ ಹೇಳಿಕೊಂಡು ಬಂದೆ. ಫಿಲ್ಟರು ಎನ್ನುವುದು ನಿಜ, ಟ್ರಾಕ್ಟರಿನದಲ್ಲ. ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೆ ಹೋಗುವವರು ಬಿಟ್ಟ ಉಸಿರನ್ನು ತೊಳೆದು, ಮತ್ತೆ ಉಸಿರಾಡುವಂತೆ ಮಾಡಿ ಅವರಿಗೇ ಕೊಡುವ ಯಂತ್ರ. ಅದರ ನಕ್ಷೆ ಬರೆಯುವವರಲ್ಲಿ ನಾನೂ ಒಬ್ಬ. ಇಷ್ಟು ದಿನ ಹೆಚ್ಚಾಗಿ ವಾಯುಪಡೆಯ ಪೈಲಟ್‌ಗಳೇ ಹೋಗುತ್ತಿದ್ದರು. ಯಂತ್ರ ಮಾಡಿದವರೂ ಕೂತು ನೋಡಲಿ ಎಂದು ಈಗ ತೀರ್ಮಾನವಾಗಿದೆ. ಯಾರು ಬರುತ್ತೀರಿ ಎಂದು ಕೇಳಿದಾಗ ನನ್ನ ಕೈ ಮೇಲೆ ಹೋಯಿತು. ನಾನು ಅದನ್ನು ಇಳಿಸುವಷ್ಟರಲ್ಲಿ ಹೆಸರು ಬರೆದುಕೊಂಡಾಗಿತ್ತು.

ಗಿರಗಿರನೆ ಸುತ್ತಿಸುವ ಯಂತ್ರದಲ್ಲಿ ಕೂರಿಸಿದರು. ಎದೆಯ ಮೇಲೆ ಹಸು ಕೂತಂತೆ ಇತ್ತು. ಇಳಿದವನೇ ವಾಂತಿ ಮಾಡಿಕೊಂಡೆ. ಮಕಾರ್ ಬೆಸ್ಸೋನೊವ್ ಎಂಬ ಕರ್ನಲ್ ಒಬ್ಬನಿದ್ದಾನೆ, ಪೈಲಟ್, ಬಾಗಿಲಿನಷ್ಟು ಅಗಲ. ನಮ್ಮಂಥ ಎಂಜಿನಿಯರುಗಳನ್ನು ಅವನು ಹೆಸರು ಹಿಡಿದು ಕರೆಯುವುದೇ ಇಲ್ಲ. "ಏನಪ್ಪಾ ಪೆನ್ಸಿಲ್, ತುದಿ ಮುರೀತಾ? ಚೂರು ಕೆತ್ಕೊಂಡು ಬಾ, ಮತ್ತೆ ಸುತ್ತಿಸ್ತಾರೆ" ಎಂದು ಎಲ್ಲರೆದುರು ನಗಾಡಿದ.

ಅದೆಲ್ಲ ಸಹಿಸಬಹುದು. ಚಳಿಗಾಲದಲ್ಲಿ ಮೌನದ ಕೋಣೆ ಇದೆ. ಕಿಟಕಿ ಇಲ್ಲದ, ಸದ್ದು ಒಳಬಾರದ ಕೋಣೆ; ದಪ್ಪ ಕಬ್ಬಿಣದ ಬಾಗಿಲು. ಒಬ್ಬನೇ ಇರಬೇಕು. ಎಷ್ಟೋ ದಿನ. ಹೊರಗಿನವರು ಒಂದು ಮಾತೂ ಆಡುವುದಿಲ್ಲ.

ಆ ಬಾಗಿಲನ್ನು ದೂರದಿಂದ ನೋಡಿ ಬಂದಿದ್ದೇನೆ, ಅಕ್ಕ.

ಸೇನ್ಯಾ


ಮಾಸ್ಕೋ ಹತ್ತಿರ
೨೨ ಫೆಬ್ರವರಿ ೧೯೭೦

ಕ್ಲಾವಕ್ಕ,

ಮುಗಿಯಿತು. ಹೊರಗಿದ್ದೇನೆ. ನಿನ್ನ ಮೂರು ಕಾಗದಗಳೂ ಒಟ್ಟಿಗೆ ಸಿಕ್ಕವು.

ಬಾಗಿಲು ಹಾಕಿದ ಮೇಲೆ ಮೊದಲು ಕೇಳಿದ್ದು ನನ್ನದೇ ರಕ್ತದ ಸದ್ದು. ಕಿವಿಯೊಳಗೆ ಹರಿಯುತ್ತದೆ, ಗೊತ್ತೇ? ನದಿಯ ಹಾಗೆ. ಕೆಲಸ ಕೊಟ್ಟಿದ್ದರು, ಲೆಕ್ಕ ಮಾಡುವುದು, ಕೆಂಪು ಕಪ್ಪು ಅಂಕಿಗಳನ್ನು ಹುಡುಕುವುದು. ಅದು ಮಾಡುತ್ತಿರುವಾಗ ಪರವಾಗಿಲ್ಲ. ಮಲಗುವ ಹೊತ್ತಿಗೆ ದೀಪ ಅವರೇ ಆರಿಸುತ್ತಾರೆ. ಆಗ ಬರುತ್ತಿದ್ದಳು. ಅಮ್ಮ. ಕಾಣಿಸುತ್ತಿರಲಿಲ್ಲ, ತೋಳಿನ ಭಾರ ಮಾತ್ರ, ಪಕ್ಕೆಯ ಮೇಲೆ. ಉಸಿರಾಡಿದರೆ ಎಚ್ಚರವಾಗಿಬಿಟ್ಟಾಳು ಎಂದು ನಾನು ಉಸಿರು ಹಿಡಿಯುತ್ತಿದ್ದೆ. ಉಸಿರು ಮಾಡುವ ಯಂತ್ರ ಕಟ್ಟುವವನು, ನೋಡು.

ನಿನ್ನ ಕಾಗದದಲ್ಲಿ ಕೇಳಿದ್ದೆ, ನೆನಪಿದೆಯೇ ಎಂದು. ನೆನಪಿದೆ. ಅವಳು ಮಲಗಿಲ್ಲ ಎಂದು ಆಗಲೇ ಗೊತ್ತಿತ್ತು.

ಒಂದು ಸಲ ಬಾಯಿಬಿಟ್ಟು ಬೇಡಿಕೊಂಡೆ. "ತೆಗೀರಿ, ದಯವಿಟ್ಟು ತೆಗೀರಿ" ಅಂದೆ. ಗೋಡೆಯಲ್ಲಿ ಮೈಕು ಇದೆ. ಯಾರೂ ತೆಗೆಯಲಿಲ್ಲ. ಬೆಳಗ್ಗೆ ಎದ್ದು ಏನೂ ಆಗದವನಂತೆ ವರದಿ ಓದಿದೆ: ನಿದ್ದೆ ಚೆನ್ನಾಗಿ ಬಂತು, ಹಸಿವಿದೆ.

ಹೊರಗೆ ಬಂದಾಗ ಲೀದಿಯಾ ಓಸಿಪೊವ್ನಾ ನನ್ನ ನಾಡಿ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

"ಏನಾದ್ರೂ ಹೇಳೋದಿದ್ಯಾ, ದುಬ್ರೋವಿನ್?"

"ಇಲ್ಲ ಡಾಕ್ಟರೇ."

"ನಂಗೂ ಇಲ್ಲ" ಅಂದರು. ಪಾಸು ಮಾಡಿದರು.

ಆಕೆ ಕೇಳಿಸಿಕೊಂಡಿದ್ದರೋ, ಕೇಳಿಸಲಿಲ್ಲವೋ. ಈಗ ಅದೊಂದು ಹೊಸ ಹೆದರಿಕೆ.

ಸೇನ್ಯಾ


ವೊರೊನೆಝ್
೩ ಜುಲೈ ೧೯೭೧

ಸೇನ್ಯಾ,

ನನಗೆ ಸುದ್ದಿ ಗೊತ್ತಾದದ್ದು ಟ್ರಾಮ್ ಓಡಿಸುವಾಗ. ತಿರುವಿನಲ್ಲಿ ಹಾಲಿನ ಅಂಗಡಿಯಲ್ಲಿ ರೇಡಿಯೊ ಹಾಕಿದ್ದರು. ಬೀದಿಯವರೆಲ್ಲ ಹಳಿಯ ಮೇಲೇ ನಿಂತುಬಿಟ್ಟಿದ್ದರು. ಗಂಟೆ ಬಾರಿಸಿದೆ, ಯಾರೂ ಕದಲಲಿಲ್ಲ. ಇಳಿದು ಹೋಗಿ ನಾನೂ ನಿಂತೆ. ಮೂವರು ಗಗನಯಾತ್ರಿಗಳು. ನೌಕೆ ನೆಟ್ಟಗೆ ಇಳಿದಿದೆ, ಬಾಗಿಲು ತೆಗೆದರೆ ಮೂವರೂ ತಮ್ಮ ತಮ್ಮ ಜಾಗದಲ್ಲೇ ಕೂತಿದ್ದಾರೆ, ಪ್ರಾಣವಿಲ್ಲ. ಒಬ್ಬ ಮುದುಕಿ ಯಾರಿಗೂ ಕಾಣದ ಹಾಗೆ ಶಾಲಿನೊಳಗೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು. ಟ್ರಾಮಿನೊಳಗಿಂದ ಒಬ್ಬ, "ಡ್ರೈವರಮ್ಮಾ, ನಾವು ಇವತ್ತು ಹೋಗ್ತೀವಾ ಇಲ್ವಾ?" ಎಂದ. ಅವನ ಹೆಂಡತಿಯೇ ಅವನ ಬಾಯಿಗೆ ಹೊಡೆದಳು.

ಒಳಗಿದ್ದ ಗಾಳಿಯೆಲ್ಲ ಹೊರಗೆ ಹೋಯಿತಂತೆ. ಡಿಪೊದಲ್ಲಿ ಹಾಗೆ ಮಾತಾಡಿಕೊಳ್ಳುತ್ತಿದ್ದಾರೆ. ಗಾಳಿ, ಸೇನ್ಯಾ.

ನನಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ನೀನು ಮನೆಗೆ ಬಾ. ಇಲ್ಲಿ ವಿಮಾನದ ಕಾರ್ಖಾನೆ ಇದೆ, ನಿನ್ನಂಥ ಎಂಜಿನಿಯರನನ್ನು ಬೇಡ ಅನ್ನುವುದಿಲ್ಲ. ನೀನಾಗಿ ಬರದಿದ್ದರೆ ನಾನೇ ಆ ಡಾಕ್ಟರನ್ನು ಹುಡುಕಿಕೊಂಡು ಬರುತ್ತೇನೆ. ಒಂದು ಸುಳ್ಳಿಗೆ ಸಹಿ ಹಾಕಿದ್ದೇನೆ. ಅದನ್ನು ವಾಪಸು ತೆಗೆದುಕೊಳ್ಳುತ್ತೇನೆ.

ಕ್ಲಾವಾ


ಮಾಸ್ಕೋ ಹತ್ತಿರ
೧೧ ಜುಲೈ ೧೯೭೧

ಅಕ್ಕ,

ಆ ಮೂವರೂ ನನಗೆ ಗೊತ್ತಿದ್ದವರು. ಅವರ ಜೊತೆ ಊಟ ಮಾಡಿದ್ದೇನೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಈಗ ನಾವು ಪ್ರತಿಯೊಂದು ಕೊಳವೆಯನ್ನೂ ಪ್ರತಿಯೊಂದು ಮುಚ್ಚಳವನ್ನೂ ಮತ್ತೆ ಬಿಚ್ಚಿ ನೋಡುತ್ತಿದ್ದೇವೆ. ಮುಂದಿನ ನೌಕೆಯಲ್ಲಿ ಕೂರುವವರು ನನ್ನ ಮುಖ ನೋಡುತ್ತಾರೆ. ನೀನು ಮಾಡಿದ ಗಾಳಿ ನೆಚ್ಚಬಹುದೇ ಎಂದು ಅವರು ಬಾಯಿಬಿಟ್ಟು ಕೇಳುವುದಿಲ್ಲ. ನೆಚ್ಚಬಹುದು, ನೀವು ಹೋಗಿ ಬನ್ನಿ, ನಾನು ಅಕ್ಕನ ಮನೆಗೆ ಹೋಗುತ್ತೇನೆ ಎಂದು ಅವರಿಗೆ ಹೇಳಲೇ?

ಡಾಕ್ಟರ ಹತ್ತಿರ ಹೋಗಬೇಡ. ಹೋದರೆ ನಿನಗೆ ತಮ್ಮ ಇದ್ದ ಎಂಬುದನ್ನು ಮರೆತುಬಿಡು.

ಆ. ದುಬ್ರೋವಿನ್


ವೊರೊನೆಝ್
೨೦ ಸೆಪ್ಟೆಂಬರ್ ೧೯೭೧

ಸೇನ್ಯಾ,

ಹೋಗಿ ಬಂದೆ. ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು ಎಂದು ನಾನೇ ಬರೆಯುತ್ತಿದ್ದೇನೆ.

ಲೂಸ್ಯಾ ತನ್ನ ಬೋಗಿಯಲ್ಲಿ ಜಾಗ ಕೊಟ್ಟಳು. ಆ ಡಾಕ್ಟರು ಕೆಲಸ ಮಾಡುವ ಆಸ್ಪತ್ರೆಯ ಗೇಟಿನಲ್ಲಿ ಒಳಗೆ ಬಿಡಲಿಲ್ಲ. ಹೊರಗೆ ಬೆಂಚಿನ ಮೇಲೆ ಕಾದೆ. ಸಂಜೆ ಲೀದಿಯಾ ಓಸಿಪೊವ್ನಾ ಕೈಚೀಲದಲ್ಲಿ ಎಲೆಕೋಸು ಹಿಡಿದುಕೊಂಡು ಹೊರಬಂದರು. ಗುರುತು ಹಿಡಿದರು. ಮೊದಲು ಹೆದರಿದರು, ಅದು ಮುಖದಲ್ಲೇ ಕಂಡಿತು.

ನೆಲಮಾಳಿಗೆಯ ವಿಷಯ ಹೇಳಿದೆ, ಎಲ್ಲವನ್ನೂ.

"ಅವತ್ತು ಇಲ್ಲ ಅಂದ್ರಲ್ಲ. ಸಹಿನೂ ಹಾಕಿದ್ರಿ."

"ಹೌದು."

"ಅದರ ಕೆಳಗೆ ನನ್ನ ಸಹಿ ಇದೆ, ಕ್ಲಾವ್ದಿಯಾ ಮಕ್ಸಿಮೊವ್ನಾ. ನಂಗೂ ಮಕ್ಕಳಿದ್ದಾರೆ."

"ನನ್ನನ್ನೇ ಜೈಲಿಗೆ ಹಾಕ್ಸಿ. ಅವನನ್ನ ಮಾತ್ರ ಕಳಿಸ್ಬೇಡಿ."

ಆಕೆ ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ಎಲೆಕೋಸು ಉರುಳಿ ಹೋಯಿತು, ಇಬ್ಬರೂ ಎತ್ತಿಕೊಳ್ಳಲಿಲ್ಲ. "ನಂಗೆ ಗೊತ್ತಿತ್ತು" ಅಂದರು. "ಮೈಕಲ್ಲಿ ಕೇಳಿದ್ದೆ. ಅಷ್ಟು ಹೆದರಿದ ಮನುಷ್ಯ ಬೆಳಗ್ಗೆ ಎದ್ದು ಲೆಕ್ಕ ಒಂದೂ ತಪ್ಪು ಮಾಡ್ಲಿಲ್ಲ. ಅಂಥೋರನ್ನ ಏನು ಮಾಡ್ಬೇಕು ಅಂತ ನಮಗೆ ಯಾರೂ ಕಲಿಸಿಲ್ಲ." ಆಮೇಲೆ ಎದ್ದು, "ಇನ್ನೊಂದ್ಸಲ ಪರೀಕ್ಷೆ ಮಾಡ್ತೀನಿ. ಅಷ್ಟೇ ನನ್ನ ಕೈಲಾಗೋದು. ನೀವು ಬಂದಿದ್ದನ್ನ ಅವರಿಂದ ಮುಚ್ಚಿಡಲ್ಲ" ಎಂದರು.

ಬೈ, ಸೇನ್ಯಾ. ಎಷ್ಟು ಬೇಕಾದರೂ ಬೈ. ಬೈದು ಬರೆ.

ಅಕ್ಕ


ವೊರೊನೆಝ್
೮ ಜನವರಿ ೧೯೭೨

ಸೇನ್ಯಾ,

ನಿನ್ನನ್ನು ಮುಂದಿನ ಪಟ್ಟಿಯಿಂದ ತೆಗೆದರಂತೆ, ಮತ್ತೆ ಆ ಕೋಣೆಗೆ ಹಾಕಿದ್ದರಂತೆ, ಈ ಸಲವೂ ನೀನು ಪಾಸಾದೆಯಂತೆ. ಲೂಸ್ಯಾ ಹೇಳಿದಳು. ನೀನು ಅವಳೊಡನೆ ಮಾತಾಡುತ್ತೀಯ ಎಂದರೆ ನನಗೆ ಅಷ್ಟೇ ಸಾಕು. ಜಾಮ್ ಜಾಡಿ ಖಾಲಿಯಾಗಿ, ತೊಳೆದು ವಾಪಸು ಬಂತು. ಒಳಗೆ ಚೀಟಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ. ಫ್ರೋಸ್ಯಾ ಚಿಕ್ಕಮ್ಮ ನಕ್ಕಳು, ಆಮೇಲೆ ನಗಲಿಲ್ಲ.

ಕ್ಲಾವಾ


ವೊರೊನೆಝ್
೧೯ ಆಗಸ್ಟ್ ೧೯೭೩

ಸೇನ್ಯಾ,

ಫ್ರೋಸ್ಯಾ ಚಿಕ್ಕಮ್ಮ ಮೊನ್ನೆ ತೀರಿಕೊಂಡಳು. ಕೊನೆಗೆ ನಿನ್ನನ್ನೇ ಕೇಳುತ್ತಿದ್ದಳು. "ಆ ಹುಡುಗ ಬಂದ್ರೆ ಕಿಟಕಿ ತೆಗೀರಿ" ಅಂದಳು. ಅವಳ ಕೋಣೆಗೆ ಹೊಸಬರು ಬಂದಿದ್ದಾರೆ. ಅವರಿಗೆ ನೀನು ಯಾರೆಂದು ಗೊತ್ತಿಲ್ಲ.

ನೀನು ಎಲ್ಲಿದ್ದೀಯೋ, ಪಟ್ಟಿಯಲ್ಲಿ ಇದ್ದೀಯೋ ಇಲ್ಲವೋ, ಒಂದೂ ತಿಳಿಯದೆ ರೇಡಿಯೊ ಹಾಕಲು ಕೈ ಬರುವುದಿಲ್ಲ. ಹಾಕದೆ ಇರಲೂ ಆಗುವುದಿಲ್ಲ.

ಕ್ಲಾವಾ


ವೊರೊನೆಝ್
೧೨ ಮಾರ್ಚ್ ೧೯೭೪

ಸೇನ್ಯಾ,

ಇದನ್ನು ಎಲ್ಲಿಗೆ ಕಳಿಸಲಿ? ನೀನು ಮೇಲಿದ್ದೀಯ. ಅಂಚೆಯವಳು ಅಲ್ಲಿಗೆ ಬರುವುದಿಲ್ಲ. ಆದರೂ ಬರೆಯದೆ ಇರಲಾರೆ.

ಡಿಪೊದಲ್ಲಿ ಬೂಟು ಬಿಚ್ಚುತ್ತಿದ್ದೆ. ರೇಡಿಯೊದವನು ಆ ಗಂಭೀರ ದನಿಯಲ್ಲಿ ಶುರುಮಾಡಿದ. ನೌಕೆಯ ನಾಯಕ ಕರ್ನಲ್ ಮಕಾರ್ ಬೆಸ್ಸೋನೊವ್, ನೌಕೆಯ ಎಂಜಿನಿಯರ್ ಆರ್ಸೆನಿ ಮಕ್ಸಿಮೊವಿಚ್ ದುಬ್ರೋವಿನ್. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. "ಕ್ಲಾವಾ, ನಿಮ್ಮೋರಾ?" ಅಂದರು. ಒಂದು ಕಾಲಿನಲ್ಲಿ ಬೂಟು ಹಾಗೇ ಇತ್ತು.

ಮನೆಗೆ ಬರುವಷ್ಟರಲ್ಲಿ ನಗರ ಸಮಿತಿಯವರು ಹೂವು ಹಿಡಿದು ನಿಂತಿದ್ದರು, ಜೊತೆಗೆ ಫೋಟೋದವನು, ಪತ್ರಿಕೆಯ ಒಬ್ಬ ಹುಡುಗಿ. ನಮ್ಮ ಬೀದಿಯಲ್ಲಿ ಯಾವತ್ತೂ ಕಾಣದ ಕಿತ್ತಳೆ ಹಣ್ಣು ತಂದಿದ್ದರು.

"ತಮ್ಮ ಚಿಕ್ಕಂದಿನಿಂದ್ಲೂ ಧೈರ್ಯವಂತರಾ?" ಎಂದು ಆ ಹುಡುಗಿ ಕೇಳಿದಳು.

ಈ ಸಲ ಸುಳ್ಳು ಹೇಳಬಾರದು ಎನಿಸಿತು. "ಇಲ್ಲಮ್ಮ, ಪುಕ್ಕಲ. ಬಾಗಿಲು ಮುಚ್ಚಿದ್ರೆ ಕಿರುಚ್ತಿದ್ದ" ಅಂದೆ.

ಎಲ್ಲರೂ ಹೊಟ್ಟೆ ತುಂಬ ನಕ್ಕರು. ಅಕ್ಕ ಎಷ್ಟು ತಮಾಷೆಯವರು ಎಂದರು. ಪತ್ರಿಕೆಯಲ್ಲಿ, "ಬಾಲ್ಯದಿಂದಲೂ ಹೆದರಿಕೆ ಎಂಬುದನ್ನೇ ಅರಿಯದವರು ಎನ್ನುತ್ತಾರೆ ಹೆಮ್ಮೆಯ ಸೋದರಿ" ಎಂದು ಬಂದಿದೆ. ಫೋಟೋದಲ್ಲಿ ನಾನು ಕಿತ್ತಳೆ ಹಿಡಿದಿದ್ದೇನೆ, ಹೆಣದ ಹಾಗೆ ಕಾಣುತ್ತೇನೆ.

ಹೊಸ ನೆರೆಯವರು ತಾರಸಿಗೆ ಬಾ, ನೌಕೆ ಆಕಾಶದಲ್ಲಿ ದಾಟಿ ಹೋಗುವುದು ಕಾಣುತ್ತದಂತೆ ಎಂದು ಕರೆದರು. ಹೋಗಲಿಲ್ಲ. ಅಷ್ಟು ಚಿಕ್ಕದಾಗಿ ನೋಡುವುದು ನನ್ನ ಕೈಲಾಗದು.

ಉಸಿರಾಡು, ಸೇನ್ಯಾ.

ಅಕ್ಕ


ಮಾಸ್ಕೋ ಹತ್ತಿರ
೧೬ ಏಪ್ರಿಲ್ ೧೯೭೪

ಪ್ರೀತಿಯ ಕ್ಲಾವಕ್ಕ,

ನಾನು ಬದುಕಿದ್ದೇನೆ ಎಂದು ರೇಡಿಯೊ ಹೇಳಿಯಾಗಿದೆ. ರೇಡಿಯೊ ಹೇಳದ್ದನ್ನು ನಾನು ಹೇಳುತ್ತೇನೆ.

ಮೇಲೆ ಎಲ್ಲವೂ ಚೆನ್ನಾಗಿತ್ತು. ಅಲ್ಲಿ ಹೆದರಿಕೆ ಆಗಲಿಲ್ಲ ಎಂದರೆ ನಂಬುತ್ತೀಯಾ? ಕಿಟಕಿ ಇತ್ತು. ಕಿಟಕಿಯಾಚೆ ಎಷ್ಟು ಬಯಲೆಂದರೆ, ಮುಚ್ಚಿದ ಜಾಗದಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು.

ಇಳಿದ ಮೇಲೆ ಆದದ್ದು. ಕಝಾಕ್ ಹುಲ್ಲುಗಾವಲಿನಲ್ಲಿ ಹಿಮದ ಬಿರುಗಾಳಿ ಎದ್ದಿತ್ತು. ನಮ್ಮ ಗೂಡು ನೆಲಕ್ಕೆ ಬಡಿದದ್ದೇ ಗಾಳಿ ಪ್ಯಾರಾಚೂಟನ್ನು ಹಿಡಿದು ನಮ್ಮನ್ನು ದರದರ ಎಳೆದುಕೊಂಡು ಹೋಯಿತು. ಕೊನೆಗೆ ಒಂದು ಹಿಮದ ಗುಡ್ಡೆಗೆ ಹೋಗಿ ಸಿಕ್ಕಿಕೊಂಡೆವು, ಬಾಗಿಲಿನ ಕಡೆಯೇ ಹಿಮದೊಳಗೆ. ವಾತಾವರಣ ಸೀಳಿ ಇಳಿದು ಬರುವಾಗಿನ ಬೆಂಕಿಗೆ ಕಿಟಕಿಯ ಗಾಜು ಕರಿಹಿಡಿದಿತ್ತು. ಹೊರಗೆ ನಡುಹಗಲು, ಒಳಗೆ ಕಗ್ಗತ್ತಲು. ಹೊರಗಾಳಿ ಒಳಗೆ ಬಿಡುವ ಕಿಂಡಿಯಲ್ಲೂ ಹಿಮ ತುಂಬಿಕೊಂಡಿತು. ಹೆಲಿಕಾಪ್ಟರಿನವರು, "ಸುತ್ತ ಏನೂ ಕಾಣ್ತಿಲ್ಲ, ಕಾಯ್ತಾ ಇರಿ" ಎಂದರು. ಆಮೇಲೆ ಅವರ ದನಿಯೂ ನಿಂತಿತು.

ಮಕಾರ್ ಕೇಳಿದ. "ಪೆನ್ಸಿಲ್, ಒಳಗಿರೋ ಗಾಳಿ ಎಷ್ಟು ಹೊತ್ತು ಬರುತ್ತೆ?"

ಎಷ್ಟು ಬರುತ್ತದೆ ಎಂದು ನನಗೆ ಗೊತ್ತಿತ್ತು. ಜಗತ್ತಿನಲ್ಲಿ ಅದು ಗೊತ್ತಿರುವ ಹತ್ತು ಹನ್ನೆರಡು ಜನರಲ್ಲಿ ನಾನೊಬ್ಬ. "ಬೇಕಾದಷ್ಟಿದೆ" ಅಂದೆ.

ಆಮೇಲೆ ನನಗೇನಾಯಿತೋ. ಸೀಟಿನ ಪಟ್ಟಿ ಬಿಚ್ಚಿಕೊಂಡು ಬಾಗಿಲಿನ ಹಿಡಿಕೆಗೆ ಬಿದ್ದೆ. ಉಗುರು ಕಿತ್ತು ಬಂತು. ಕಿರುಚಿದೆ, ಅಕ್ಕ. ನಿನ್ನ ಹೆಸರು ಹಿಡಿದು ಕಿರುಚಿದೆ, ಮೂವತ್ತೆಂಟು ವರ್ಷದ ಗಂಡಸು. ಮಕಾರ್ ಹಿಂದಿನಿಂದ ತಬ್ಬಿ ತನ್ನ ಭಾರವನ್ನೆಲ್ಲ ಹಾಕಿ ಹಿಡಿದ. ಗುದ್ದುತ್ತಾನೆ ಎಂದುಕೊಂಡೆ.

ಕಿವಿಯ ಹತ್ತಿರ ಹೇಳಿದ. "ಸುಮ್ನಿರು ಮರಿ. ನಂಗೆ ಆಗಲೇ ಚಡ್ಡೀಲಿ ಆಗೋಗಿದೆ. ಯಾರಿಗೂ ಹೇಳ್ಬೇಡ." ಆಮೇಲೆ, "ಈಗ ನಂಗೆ ಪಾಠ ಮಾಡು. ಉಸಿರನ್ನ ಅದು ಹ್ಯಾಗೆ ತೊಳೆಯುತ್ತೆ? ನಾನು ದಡ್ಡ, ಮೊದ್ಲಿಂದ ಹೇಳು" ಎಂದ.

ಹೇಳಿದೆ. ಹಲ್ಲು ಕಟಕಟಿಸುತ್ತಿತ್ತು. ಉಸಿರು ಎಲ್ಲಿ ಒಳಹೋಗುತ್ತದೆ, ಪುಡಿಯ ಪದರಗಳಲ್ಲಿ ಏನಾಗುತ್ತದೆ, ಎಲ್ಲಿ ಹೊರಬರುತ್ತದೆ. ಅವನು ಬೇಕೆಂದೇ ತಪ್ಪು ತಿಳಿದುಕೊಂಡು ಮತ್ತೆ ಮತ್ತೆ ಕೇಳಿದ. ಒಂದು ಹಂತದಲ್ಲಿ ನಾನು ಅವನನ್ನು ಬೈದೆ, "ಇಷ್ಟೂ ತಲೆಗೆ ಹೋಗಲ್ವಾ?" ಎಂದು. ಅವನು ನಕ್ಕ. ಗಾಳಿ ದಪ್ಪವಾಗುತ್ತಾ ಬಂದಿತ್ತು, ಪ್ರತಿ ಮಾತಿಗೂ ಏದುಸಿರು. ಹೊರಗೆ ಸಲಿಕೆಯ ಸದ್ದು ಕೇಳಿದಾಗ ಮೂರನೆಯ ಸಲ ಅದೇ ಪಾಠ ನಡೆದಿತ್ತು.

ವರದಿಯಲ್ಲಿ ಮಕಾರ್ ಬರೆದದ್ದು ಒಂದೇ ಸಾಲು: ಎಂಜಿನಿಯರ್ ಶಾಂತವಾಗಿ ಯಂತ್ರದ ವಿವರ ನೀಡುತ್ತಿದ್ದರು.

ಎರಡೂವರೆ ವರ್ಷ ನಿನಗೆ ಬರೆಯಲಿಲ್ಲ. ಆ ಕತ್ತಲಲ್ಲಿ ನಿನ್ನ ಮೇಲಿದ್ದ ಕೋಪವನ್ನು ತಡವಿ ಹುಡುಕಿದೆ. ಸಿಗಲಿಲ್ಲ.

ನಿನ್ನ ತಮ್ಮ,
ಸೇನ್ಯಾ


ಮಾಸ್ಕೋ ಹತ್ತಿರ
೯ ನವೆಂಬರ್ ೧೯೭೪

ಪ್ರೀತಿಯ ಕ್ಲಾವಕ್ಕ,

ಬೇಸಿಗೆಯಲ್ಲಿ ಬಂದಾಗ ನಾವು ಏನೂ ಮಾತಾಡಲಿಲ್ಲ. ನೀನು ಕುಂಬಳಕಾಯಿ ಹೆಚ್ಚುತ್ತಿದ್ದೆ, ನಾನು ನೋಡುತ್ತಿದ್ದೆ. ಹಾಗಾಗಿ ಇದನ್ನು ಕಾಗದದಲ್ಲೇ ಹೇಳಬೇಕು.

ಕಳೆದ ವಾರ ದೊಡ್ಡವರೆಲ್ಲ ಸೇರಿದ್ದರು. ಮತ್ತೆ ಹೋಗುತ್ತೀರಾ, ಈ ಸಲ ಹೆಚ್ಚು ದಿನ ಎಂದರು. ಮಕಾರ್ ಹೂಂ ಅಂದ. ನಾನೂ ಅಂದೆ. ಕೈಕುಲುಕಿದರು, ಕೊನ್ಯಾಕ್ ಬ್ರಾಂದಿ ಹಾಕಿಕೊಟ್ಟರು. ಹೊರಗೆ ಬಂದು ಬಸ್ಸು ಹತ್ತಿದೆ, ಮುಂದಿನ ನಿಲ್ದಾಣದಲ್ಲಿ ಇಳಿದೆ, ನಡೆದುಕೊಂಡು ಆಸ್ಪತ್ರೆಗೆ ಹೋದೆ. ಲೀದಿಯಾ ಓಸಿಪೊವ್ನಾ ಕೋಟು ಹಾಕಿಕೊಳ್ಳುತ್ತಿದ್ದರು.

"ಡಾಕ್ಟರೇ, ನಂಗೆ ಹೆದರಿಕೆ ಆಗುತ್ತೆ" ಅಂದೆ.

ಕೋಟಿನ ಒಂದು ತೋಳು ಹಾಕಿದ್ದರು, ಇನ್ನೊಂದು ನೇತಾಡುತ್ತಿತ್ತು. "ಯಾವಾಗಿಂದ?"

"ಆರು ವರ್ಷದೋನಿದ್ದಾಗಿಂದ."

"ಕೂತ್ಕೊಳ್ಳಿ" ಎಂದರು. ತಾವೂ ಕೂತರು. ಆಕೆ ಅಳುತ್ತಿದ್ದರೋ ಏನೋ, ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಒಳಕಿವಿಯ ತೊಂದರೆ ಎಂದು ಬರೆದರು. ಕಿವಿಗೆ ಯಾರೂ ನಾಚಿಕೆ ಪಡಬೇಕಿಲ್ಲ.

ನಾನು ಇನ್ನು ಹೋಗುವುದಿಲ್ಲ. ನಕ್ಷೆಯ ಮೇಜಿಗೇ ವಾಪಸು ಬಂದಿದ್ದೇನೆ. ಆ ಕಿಂಡಿಯಲ್ಲಿ ಹಿಮ ಕಟ್ಟದಂತೆ ಮಾಡುವುದು ಮೊದಲ ಕೆಲಸ. ಮಕಾರನಿಗೆ ನಾನೇ ಹೋಗಿ ಹೇಳಿದೆ. "ಹಾಗಾದ್ರೆ ಅಲ್ಲಿ ನಂಗೆ ಬೈಯೋರು ಯಾರು?" ಎಂದ. ನಗಲಿಲ್ಲ. ಅವನಿಗೂ ಹೆದರಿಕೆ ಇದೆ, ಅಕ್ಕ. ಅವನಿಗೆ ಬೇರೊಬ್ಬ ಎಂಜಿನಿಯರನನ್ನು ಜೊತೆಮಾಡಿದ್ದಾರೆ, ತಿಮೊಫೇಯ್ ಅಂತ, ಮೊನ್ನೆ ಮದುವೆಯಾದವನು.

ನನಗೆ ಸುಖವಾಗಿದೆಯೇ ಎಂದು ಕೇಳಿದರೆ, ಇಲ್ಲ. ಆದರೆ ನಿದ್ದೆ ಬರುತ್ತಿದೆ.

ಸೇನ್ಯಾ


ವೊರೊನೆಝ್
೨೭ ಮೇ ೧೯೭೫

ಪ್ರೀತಿಯ ಸೇನ್ಯಾ,

ನಿನ್ನೆ ರೇಡಿಯೊದಲ್ಲಿ ಅವರಿಬ್ಬರ ಹೆಸರು ಹೇಳಿದರು. ನಿನ್ನ ಮಕಾರ್, ಮತ್ತೆ ಆ ತಿಮೊಫೇಯ್. ನೀನು ನೆಲದ ಮೇಲೆ ನಿನ್ನ ಮೇಜಿನ ಮುಂದೆ ಕೂತಿದ್ದೀಯ ಎಂದು ನನಗೆ ಗೊತ್ತು. ಇನ್ನು ನನಗೆ ಹೆದರಿಕೆ ಇರುವುದಿಲ್ಲ, ಆರಾಮವಾಗಿ ಹೊಲಿಗೆ ಹಾಕುತ್ತಾ ಕೇಳಬಹುದು ಎಂದುಕೊಂಡಿದ್ದೆ. ಸೂಜಿ ಬೆರಳಿಗೆ ಚುಚ್ಚಿಕೊಂಡಿತು. ಎದ್ದು ಹೋಗಿ ಬಾಗಿಲ ಬಳಿ ನಿಂತೆ, ಮತ್ತೆ ಬಂದು ಕೂತೆ. ಹೆದರಿಕೆ ಎಲ್ಲಿಗೂ ಹೋಗಿಲ್ಲ.

ಅವರ ಹುಟ್ಟಿದ ಊರು ಹೇಳಿದರು, ಓದಿದ ಶಾಲೆ ಹೇಳಿದರು, ಪದಕಗಳನ್ನು ಹೇಳಿದರು. ಮನೆಯಲ್ಲಿ ರೇಡಿಯೊ ಮುಂದೆ ಕೂತಿರುವವರು ಯಾರು ಎಂದು ಹೇಳಲಿಲ್ಲ. ಅದನ್ನು ಅವರು ಯಾವತ್ತೂ ಹೇಳುವುದಿಲ್ಲ.

ತಿಮೊಫೇಯ್‌ಗೆ ಅಮ್ಮ ಇದ್ದಾಳೆಯೇ? ಅಥವಾ ಅಕ್ಕ? ಕೇಳಿ ವಿಳಾಸ ಕಳಿಸು. ಬೇಗ ಕಳಿಸು, ಅವರು ಇಳಿಯುವುದರೊಳಗೆ. ನಾನು ಅವಳಿಗೆ ಒಂದು ಕಾಗದ ಬರೆಯಬೇಕು.

ನಿನ್ನ ಅಕ್ಕ,
ಕ್ಲಾವಾ